ರುಜು ಮಾತ್ರ ಅವಳದು

ನಮ್ಮ ಮನೆಯ ಮುಂಬಾಗಿಲ ಪಕ್ಕದಲ್ಲಿ ನನ್ನ ಹೆಸರಿನ ಬೋರ್ಡು ಇದೆ. ಹೆಸರಿನ ಮುಂದೆ 'ಡಾ.' ಎಂದಿದೆ. ಬೋರ್ಡು ಬರೆದ ಪೇಂಟರು ನನ್ನ ಹೆಸರಿಗಿಂತ ಆ ಒಂದು ಅಕ್ಷರವನ್ನೇ ದಪ್ಪಗೆ ಬರೆದುಬಿಟ್ಟ. ನಾನೂ ಬೇಡವೆನ್ನಲಿಲ್ಲ. ಹೋದ ವಾರ ಅರಳಗುಪ್ಪೆ ಕಡೆಯ ಅಜ್ಜಿಯೊಬ್ಬಳು ಅದನ್ನು ಯಾರಿಂದಲೋ ಓದಿಸಿಕೊಂಡು ಒಳಗೆ ಬಂದು, ಜಗಲಿಯ ಮೇಲೆ ಕೂತು, ಮಂಡಿ ತೋರಿಸಿದಳು. ನಾನು ಆ ಡಾಕ್ಟರ್ ಅಲ್ಲ ಎಂದೆ. ಹಾಗಾದರೆ ದನದ ಡಾಕ್ಟರೇ ಎಂದು ಕೇಳಿದಳು. ಅದೂ ಅಲ್ಲ, ಪುಸ್ತಕ ಓದಿ, ಪುಸ್ತಕ ಬರೆದು ಆಗುವ ಡಾಕ್ಟರು ಎಂದು ವಿವರಿಸಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದ್ರಿಂದ ಯಾರಿಗೆ ವಾಸಿ ಆಯ್ತದೆ ಕಣಪ್ಪ?" ಎಂದಳು.

ಹೀಯಾಳಿಸಬೇಕೆಂದು ಕೇಳಿದ ಮಾತಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು. ನನ್ನ ಹೆಂಡತಿ ಅಜ್ಜಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಮಂಡಿಗೆ ಮುಲಾಮು ಹಚ್ಚಿ, ಆಸ್ಪತ್ರೆಯ ದಾರಿ ತೋರಿಸಿ ಕಳಿಸಿದಳು. ನಾನು ಮಾತ್ರ ಆ ಪ್ರಶ್ನೆಯ ಜೊತೆ ಜಗಲಿಯಲ್ಲೇ ಉಳಿದೆ. ನನ್ನ ವಿದ್ಯೆಯಿಂದ ಯಾರಿಗೂ ವಾಸಿಯಾಗಿಲ್ಲ ಎಂಬುದು ದೊಡ್ಡ ಮಾತಲ್ಲ, ಇಂಗ್ಲಿಷ್ ಮೇಷ್ಟ್ರುಗಳ ಹಣೆಬರಹವೇ ಅದು. ಆದರೆ ಅದರಿಂದ ಒಬ್ಬಳಿಗೆ ಕೇಡಾಗಿದೆ. ಇದನ್ನು ನಾನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿದವನಲ್ಲ. ನಿಮಗೆ ಹೇಳಿಬಿಡುತ್ತೇನೆ. ಆದರೆ ಮೊದಲು ನನ್ನ ಇಂಗ್ಲಿಷಿನ ಕಥೆ ಸ್ವಲ್ಪ ಕೇಳಬೇಕು.

ದಂಡಿನಶಿವರದ ನಮ್ಮ ಮನೆಯಲ್ಲಿ ಇಂಗ್ಲಿಷ್ ಎಂಬುದು ಸೀಮೆಎಣ್ಣೆ ಡಬ್ಬದ ಮೇಲೆ ಮಾತ್ರ ಇತ್ತು. ಆ ಉಬ್ಬು ಅಕ್ಷರಗಳ ಮೇಲೆ ಬೆರಳಾಡಿಸಿಯೇ ನಾನು ಆ ಲಿಪಿಯನ್ನು ಮೊದಲು ಕಲಿತದ್ದು. ಉಳಿದಂತೆ ಮನೆ ತುಂಬ ಕೊಬ್ಬರಿ. ನಮ್ಮ ಕಡೆ ಕೊಬ್ಬರಿಗೆಂದು ಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಇಡೀ ಕಾಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಸುಲಿದು ಒಡೆದರೆ ದುಂಡನೆಯ ಉಂಡೆ ಕೊಬ್ಬರಿ. ಕೆಲವು ಮಾತ್ರ ಒಳಗೊಳಗೇ ಕೆಟ್ಟು ಕಮಟು ವಾಸನೆ ಹೊಡೆಯುತ್ತವೆ. ಅದಕ್ಕೆ ಕೌಟು ಎನ್ನುತ್ತಾರೆ.

ಎಂ.ಎ. ಓದಲು ಮೈಸೂರಿಗೆ ಹೋದಾಗ ಅಮ್ಮ ನನ್ನ ತಗಡಿನ ಟ್ರಂಕಿನ ಅರ್ಧಕ್ಕೆ ಕೊಬ್ಬರಿ ತುಂಬಿ ಕಳಿಸಿದ್ದಳು. ಹಾಸ್ಟೆಲಿನಲ್ಲಿ ಅದನ್ನು ತೆಗೆದ ದಿನ ಇಡೀ ಕೋಣೆ ನಮ್ಮ ಅಟ್ಟದ ಹಾಗೆ ಘಮ್ಮೆಂದಿತು. ಜೊತೆಯ ಹುಡುಗರು ಒಂದೇ ವಾರದಲ್ಲಿ ಅಷ್ಟನ್ನೂ ತಿಂದು ಮುಗಿಸಿ, ಉಪಕಾರ ಸ್ಮರಣೆಗೆಂಬಂತೆ ನನಗೆ 'ಕೊಬ್ಬರಿ' ಎಂದು ಹೆಸರಿಟ್ಟರು. ನಗಬೇಕಾದ ವಿಷಯ. ನಾನು ನಗಲಿಲ್ಲ. ನಾನು ಯಾವ ದಿಕ್ಕಿನಿಂದ ಬಂದವನೆಂದು ಯಾರಿಗೂ ತಿಳಿಯದಂಥ ಇಂಗ್ಲಿಷ್ ಕಲಿಯುತ್ತೇನೆಂದು ಹಟ ತೊಟ್ಟೆ. ಮುಂದಿನ ರಜಕ್ಕೆ ಊರಿಗೆ ಹೋದಾಗ ಇನ್ನು ಕೊಬ್ಬರಿ ಬೇಡವೆಂದೆ. ಅಮ್ಮ ಯಾಕೆಂದು ಕೇಳಿದಳು. ಕೌಟಾಗಿತ್ತು ಎಂದು ಸುಳ್ಳು ಹೇಳಿದೆ. ಅವಳು ಆ ವರ್ಷ ಅಟ್ಟದ ಕಾಯಿಗಳನ್ನೆಲ್ಲ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತಪ್ಪು ಎಲ್ಲಾಯಿತೆಂದು ಹುಡುಕಿದಳಂತೆ.

ಹಟದಲ್ಲಿ ಗೆದ್ದೆ. ಎಪ್ಪತ್ತನೇ ಇಸವಿಯ ಹೊತ್ತಿಗೆ ತಿಪಟೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿ ಬಂದೆ. ಇಡೀ ಊರಿಗೆ ನನ್ನ ಇಂಗ್ಲಿಷೆಂದರೆ ಅಷ್ಟಿಷ್ಟು ಹೆಮ್ಮೆಯಲ್ಲ. ಕರೆಂಟಿನವರಿಗೆ ದೂರು, ಬ್ಯಾಂಕಿಗೆ ಮನವಿ, ವರ್ಗಾವಣೆ ಅರ್ಜಿ, ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಕಂಬದ ದೀಪ ಕೆಟ್ಟಿದೆಯೆಂಬ ದೂರನ್ನು ನಾನು ಮಾನವಕುಲವನ್ನು ಆವರಿಸಿರುವ ಅಂಧಕಾರದಿಂದ ಶುರು ಮಾಡುತ್ತಿದ್ದೆ. ದೀಪವೇನೂ ಬೇಗ ಬರುತ್ತಿರಲಿಲ್ಲ. ಆದರೂ ಓದಿದವರು ತಲೆದೂಗುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಗಿರಿಜ ನನ್ನ ವಿದ್ಯಾರ್ಥಿನಿ. ಹಾಲ್ಕುರಿಕೆಯ ತೆಂಗಿನ ತೋಟದ ಮನೆತನದವಳು. ಬಿ.ಎಸ್ಸಿ.ಯಲ್ಲಿ ನನ್ನ ತರಗತಿಯ ಮೂರನೇ ಬೆಂಚಿನಲ್ಲಿ ಕೂತು, ಪದ್ಯದ ಅರ್ಥ ಹೇಳಿದಾಗಲೆಲ್ಲ ಹುಬ್ಬು ಗಂಟಿಕ್ಕಿಕೊಂಡು ಕೇಳುತ್ತಿದ್ದಳು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಮ್ಮ ಕಾಲೇಜಿಗೇ ಡೆಮಾನ್‌ಸ್ಟ್ರೇಟರ್ ಆಗಿ ಬಂದಳು. ಮಾತು ಕಡಿಮೆ. ಲ್ಯಾಬಿನಲ್ಲಿ ಮಾತ್ರ, ಯಾರಾದರೂ ಇದು ಹೀಗೆ ಎಂದರೆ, ಯಾಕೆ ಹಾಗೆ ಎಂದು ಕೇಳದೆ ಬಿಡುತ್ತಿರಲಿಲ್ಲವೆಂದು ಅವಳ ಮುಖ್ಯಸ್ಥರು ಬೇಸರದಿಂದ ಹೇಳಿದ್ದುಂಟು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಉತ್ತರದ ಕಡೆಯ ದೊಡ್ಡ ಸಂಶೋಧನಾ ಸಂಸ್ಥೆಯೊಂದು ಪಿಎಚ್.ಡಿ.ಗೆ ಅರ್ಜಿ ಕರೆದಿತ್ತು. ಅಂಕಪಟ್ಟಿಗಳ ಜೊತೆಗೆ ಒಂದು ಬರಹ ಕೊಡಬೇಕು: ಯಾವುದರ ಮೇಲೆ ಸಂಶೋಧನೆ ಮಾಡಬೇಕೆಂದಿದ್ದೀರಿ, ಯಾಕೆ ಮಾಡಬೇಕೆಂದಿದ್ದೀರಿ. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂದು ಅದರ ಹೆಸರು. ನಮ್ಮ ಊರಿನಲ್ಲಿ ಅಂಥದ್ದನ್ನು ಅದುವರೆಗೆ ಯಾರೂ ಬರೆದಿರಲಿಲ್ಲ. ಗಿರಿಜ ಕೂತು ತಾನೇ ಬರೆದು, ಟೈಪ್ ಮಾಡಿಸಲೆಂದು ಬಾಷಾ ಸಾಹೇಬರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕೊಟ್ಟಳು. ಬಾಷಾ ಸಾಹೇಬರು ಕೈಗೆ ಬಂದ ಕಾಗದವನ್ನು ಓದದೆ ಟೈಪ್ ಮಾಡುವವರಲ್ಲ. ಅವಳ ಬರಹ ಓದಿ, ವಿಷಯ ಚೆನ್ನಾಗಿದೆ, ಇಂಗ್ಲಿಷ್ ಮಾತ್ರ ಅಲ್ಲಲ್ಲಿ ಎಡವುತ್ತದೆ, ನಿಮ್ಮ ಮೇಷ್ಟ್ರಿಗೆ ಒಂದು ಸಲ ತೋರಿಸಿ ಬಾರಮ್ಮ ಎಂದು ನನ್ನ ಹತ್ತಿರ ಕಳಿಸಿದರು.

ಎರಡು ಹಾಳೆ. ಅವಳ ಗುಂಡಗಿನ ಅಕ್ಷರ. ಅದರಲ್ಲಿ ಏನಿತ್ತೆಂದು ಈಗಲೂ ಹೇಳಬಲ್ಲೆ. ಹಾಲ್ಕುರಿಕೆಯ ಅವರ ಮನೆಯಲ್ಲಿ ಎರಡು ಅಟ್ಟ, ಒಂದು ಅಡುಗೆಮನೆಯ ಮೇಲೆ, ಇನ್ನೊಂದು ಕೊಟ್ಟಿಗೆಯ ಮೇಲೆ. ಎರಡಕ್ಕೂ ಒಂದೇ ತೋಟದ ಕಾಯಿ. ಕೊಟ್ಟಿಗೆಯ ಮೇಲಿನವು ಹೆಚ್ಚು ಕೌಟಾಗುತ್ತಿದ್ದವು, ಒಲೆಯ ಹೊಗೆ ತಾಕಿದವು ಕೆಡುತ್ತಿರಲಿಲ್ಲ. ಅವಳ ಅಜ್ಜಿ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಒಡೆಯುವ ಮೊದಲೇ ಒಳ್ಳೆಯದು, ಕೆಟ್ಟದ್ದು ಹೇಳುತ್ತಿದ್ದಳು. ಗಿರಿಜ ಶಾಲೆಯಲ್ಲಿದ್ದಾಗಲೇ ಒಂದು ನೋಟುಬುಕ್ಕಿನಲ್ಲಿ ಅಜ್ಜಿ ಹೇಳಿದ್ದನ್ನೂ ಒಡೆದಾಗ ಕಂಡದ್ದನ್ನೂ ಎದುರುಬದುರು ಬರೆದಿಟ್ಟಿದ್ದಳು. ಆಮೇಲೆ ಅವರಪ್ಪ ಮನೆಗೆ ಗೋಬರ್ ಗ್ಯಾಸ್ ಹಾಕಿಸಿದರು. ಸೌದೆ ಒಲೆ ಆರಿತು, ಮನೆಯಲ್ಲಿ ಹೊಗೆ ನಿಂತಿತು, ಎಲ್ಲರಿಗೂ ಸಂತೋಷ. ಆ ವರ್ಷ ಅಡುಗೆಮನೆಯ ಅಟ್ಟದ ಕಾಯಿಗಳೂ ಕೆಡತೊಡಗಿದವು. "ಹೊಗೆ ಇಲ್ದಿದ್ಮೇಲೆ ಕಾಯಿಗೆ ಕಾವ್ಲು ಯಾರವ್ವ?" ಎಂದು ಅಜ್ಜಿ ಹೇಳಿದ್ದನ್ನು ಗಿರಿಜ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದ್ದಳು. ಕೊನೆಯಲ್ಲಿ ಅವಳ ಪ್ರಶ್ನೆ: ಕಾಯಿಯನ್ನು ಕೆಡದಂತೆ ಕಾಯುವುದು ಹೊಗೆಯಲ್ಲಿರುವ ಯಾವುದೋ ವಸ್ತುವೋ, ಅಥವಾ ಒಲೆಯ ಕಾವು ಮಾತ್ರವೋ? ಅದನ್ನು ಬೇರೆ ಬೇರೆ ಮಾಡಿ ನೋಡಬೇಕು. ಅದಕ್ಕೆ ನನಗೆ ಒಂದು ಲ್ಯಾಬು ಬೇಕು.

ಅವತ್ತು ನನಗೆ ನಗು ಬಂತು. ಕ್ರಿಯಾಪದಗಳು ತಪ್ಪಿದ್ದವು, ಒಂದು ಕಡೆ ಕಾಯಿ ಮಾತಾಡುತ್ತದೆ ಎಂದಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಹಾಳೆಗಳಿಂದ ನನ್ನ ಟ್ರಂಕಿನ ವಾಸನೆ ಬರುತ್ತಿತ್ತು. ದೇಶದ ದೊಡ್ಡ ದೊಡ್ಡ ವಿಜ್ಞಾನಿಗಳು ಕೂತು ಓದುವ ಕಾಗದದಲ್ಲಿ ಕೊಟ್ಟಿಗೆ, ಅಜ್ಜಿ, ಸಗಣಿ! ನಾಳೆ ಬಾ, ನಾನೇ ಬರೆದುಕೊಡುತ್ತೇನೆ ಎಂದೆ.

ಬರೆದೆ. ಅಷ್ಟು ಮುತುವರ್ಜಿಯಿಂದ ನಾನು ನನಗಾಗಿಯೂ ಏನನ್ನೂ ಬರೆದುಕೊಂಡಿರಲಿಲ್ಲ. ಅನಾದಿ ಕಾಲದಿಂದ ಮಾನವನು ಸತ್ಯವನ್ನು ಅರಸುತ್ತಿದ್ದಾನೆ ಎಂದು ಶುರು. ವಿಜ್ಞಾನವೆಂಬ ದಿವ್ಯಜ್ಯೋತಿ ಬಾಲ್ಯದಿಂದಲೇ ಆಕೆಯನ್ನು ಸೆಳೆದಿತ್ತು. ಜ್ಞಾನಸಾಗರದ ದಡದಲ್ಲಿ ಒಂದು ಹಿಡಿ ಮರಳಾಗುವುದೇ ಆಕೆಯ ಜೀವಿತೋದ್ದೇಶ. ಒಂದು ವ್ಯಾಕರಣದೋಷವಿಲ್ಲ, ಒಂದು ತೆಂಗಿನಕಾಯಿಯೂ ಇಲ್ಲ. ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಇತಿಹಾಸದ ಲೆಕ್ಚರರೊಬ್ಬರು ಕಣ್ಣು ಮುಚ್ಚಿ ಕೇಳಿದರು. ಅವರು ನಿದ್ದೆ ಮಾಡುತ್ತಿದ್ದರೋ ಏನೋ, ನಾನು ಅದನ್ನು ತನ್ಮಯತೆ ಎಂದೇ ತಿಳಿದೆ.

ಗಿರಿಜ ನಿಂತುಕೊಂಡೇ ಓದಿದಳು. ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ, "ಸಾರ್, ಅಟ್ಟದ ವಿಷಯ ಎಲ್ಲಾದ್ರೂ ಒಂದ್ಕಡೆ ಇರ್ಲಾ?" ಎಂದು ಕೇಳಿದಳು.

"ಅದೆಲ್ಲ ಮನೆ ವಿಷಯ ಗಿರಿಜ. ಈ ತಿಪಟೂರಿನವರು ಕೊಬ್ಬರಿ ಬಿಟ್ಟು ಬೇರೇನೂ ಕಂಡಿಲ್ಲ ಅಂದ್ಕೋತಾರೆ. ನಿನಗೆ ನಾಚಿಕೆ ಆಗಲ್ವಾ?"

ಅವಳಿಗೆ ಅದುವರೆಗೆ ನಾಚಿಕೆಯಾಗಿರಲಿಲ್ಲ. ನಾನು ಹೇಳಿದ ಮೇಲೆ ಆಯಿತು. ಅವಳ ಮುಖದಲ್ಲಿ ಅದು ಬಂದದ್ದನ್ನು ನಾನು ನೋಡಿದೆ. ನೋಡಿ, ಹುಡುಗಿಗೆ ತಿಳುವಳಿಕೆ ಬಂತು ಎಂದುಕೊಂಡೆ.

ಟೈಪ್ ಮಾಡಿಸಲು ನಾನೇ ಜೊತೆಯಲ್ಲಿ ಹೋದೆ. ಬಾಷಾ ಸಾಹೇಬರು ಓದಿ ಮುಗಿಸಿ ಕನ್ನಡಕ ತೆಗೆದು, ಇಂಗ್ಲಿಷ್ ಬಹಳ ಮೇಲಿದೆ ಎಂದು ಹೊಗಳಿದರು. ಮೆಷಿನ್ನಿಗೆ ಹಾಳೆ ಸೇರಿಸುತ್ತಾ, "ಆದ್ರೆ ಆ ಕಾಯಿ ವಿಷಯ ಬಿಟ್ಟೋಯ್ತಲ್ಲ ಸಾರ್. ನನಗೆ ಗೋಬರ್ ಗ್ಯಾಸ್ ಜಾಗಕ್ಕೆ ಬಂದಾಗ ಮುಂದೇನು ಅಂತ ಆಗಿತ್ತು" ಎಂದರು. ಮೆಟ್ರಿಕ್ ಓದಿದ ಟೈಪಿಸ್ಟರಿಗೆ ಸಾಹಿತ್ಯವೇನು ಗೊತ್ತು ಎಂದು ನಾನು ಮುಗುಳ್ನಕ್ಕೆ. ಅವರು ಟೈಪ್ ಮಾಡಿದರು. ಗಿರಿಜ ಕೆಳಗೆ ರುಜು ಹಾಕಿದಳು.

ಅಂಕಗಳು ಚೆನ್ನಾಗಿದ್ದವು, ಸಂದರ್ಶನಕ್ಕೆ ಕರೆ ಬಂತು. ನಾನು ಅದನ್ನು ನನ್ನ ಬರಹದ ಗೆಲುವೆಂದೇ ನಾಲ್ಕು ಜನಕ್ಕೆ ಹೇಳಿಕೊಂಡೆ. ಅಪ್ಪನ ಜೊತೆ ರೈಲು ಹತ್ತಿ ಹೋದವಳು ಎಂಟು ದಿನದ ಮೇಲೆ ಬಂದಳು. ಲ್ಯಾಬಿನ ಮುಂದಿನ ಕಾರಿಡಾರಿನಲ್ಲಿ ಸಿಕ್ಕಿದಳು. ಹೇಗಾಯಿತೆಂದು ಕೇಳಿದೆ.

ಯಾವ ದೂರೂ ಇಲ್ಲದ ದನಿಯಲ್ಲಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಒಳಗೆ ಐದು ಜನ ಇದ್ದರಂತೆ. ಮೊದಲನೆಯವರು ಅವಳ ಕಾಗದ ಎತ್ತಿಕೊಂಡು, ದಿವ್ಯಜ್ಯೋತಿ ಎಂದರೆ ಇಲ್ಲಿ ನಿಮ್ಮ ಅರ್ಥವೇನು ಎಂದು ಕೇಳಿದರಂತೆ. ಇವಳಿಗೆ ಹೇಳಲಾಗಲಿಲ್ಲ. ಯಾವ ಸತ್ಯವನ್ನು ಅರಸುತ್ತಿದ್ದೀರಿ ಎಂದು ಇನ್ನೊಬ್ಬರು ಕೇಳಿದರು. ನೀರು ಕುಡಿಯಿರಿ ಎಂದರಂತೆ. ಕೊನೆಗೆ, ಎದ್ದು ಬರುವ ಹೊತ್ತಿಗೆ, ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಪ್ರೊಫೆಸರೊಬ್ಬರು ಯಾವ ಊರು ಎಂದು ಕೇಳಿದರು. ಊರಿನ ಹೆಸರು ಕೇಳಿ, ಅಲ್ಲಿ ಕೊಬ್ಬರಿ ಬಹಳ ಅಲ್ಲವೇ ಎಂದರು. ಮಾತು ಅಲ್ಲಿಂದ ಶುರುವಾಯಿತು. ಎರಡು ಅಟ್ಟ, ಅಜ್ಜಿಯ ಕಿವಿ, ಗೋಬರ್ ಗ್ಯಾಸು, ಎಲ್ಲವನ್ನೂ ಇವಳು ತಡವರಿಸುತ್ತಲೇ ಹೇಳಿದಳು. ಆ ಪ್ರೊಫೆಸರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರಂತೆ. ಅಷ್ಟರಲ್ಲಿ ಹೊತ್ತಾಯಿತು. ಹೊರಗೆ ಮುಂದಿನವರು ಕಾಯುತ್ತಿದ್ದರು.

"ಇದನ್ಯಾಕೆ ಬರೀಲಿಲ್ಲ ಅಂತ ಕೇಳಿದ್ರು ಸಾರ್. ಹೊಳೀಲಿಲ್ಲ ಅಂದೆ."

ಮೇಷ್ಟ್ರು ಬೇಡವೆಂದರು ಎಂದು ಹೇಳಬಹುದಾಗಿತ್ತಲ್ಲ ಎಂದೆ.

"ಹೆಂಗೆ ಹೇಳ್ಲಿ ಸಾರ್. ಕೆಳಗೆ ರುಜು ನಂದಲ್ವಾ" ಎಂದಳು. ತರಗತಿಗೆ ಗಂಟೆ ಹೊಡೆಯಿತು. ಲ್ಯಾಬಿನ ಒಳಗೆ ಹೋದಳು.

ಸೀಟು ಸಿಗಲಿಲ್ಲವೆಂಬ ಕಾಗದ ಮಳೆಗಾಲ ಶುರುವಾದ ಮೇಲೆ ಬಂತು. ನನಗೆ ತಂದು ತೋರಿಸಿದಳು. ನಾಲ್ಕು ಸಾಲು. ನನ್ನ ಕಣ್ಣು ಮೊದಲು ಹೋದದ್ದು ಎರಡನೇ ಸಾಲಿನಲ್ಲಿ ಬಿಟ್ಟುಹೋಗಿದ್ದ ಒಂದು ಅಲ್ಪವಿರಾಮದ ಕಡೆಗೆ. ಆ ಗಳಿಗೆಯಲ್ಲಿ ನನ್ನ ಮೇಲೆ ನನಗೆ ಬಂದ ಹೇಸಿಗೆ ಇನ್ನೂ ಪೂರ್ತಿ ಹೋಗಿಲ್ಲ.

ಮುಂದಿನ ವರ್ಷ ಮತ್ತೆ ಅರ್ಜಿ ಕರೆದಾಗ ನಾನೇ ಅವಳನ್ನು ಹುಡುಕಿಕೊಂಡು ಹೋಗಿ, ಈ ಸಲ ನಿನ್ನ ಮೊದಲಿನ ಬರಹವನ್ನೇ ಕಳಿಸು ಎಂದೆ. ಹಾಳೆಗಳು ನಿಮ್ಮ ಹತ್ತಿರವೇ ಇದ್ದವಲ್ಲ ಎಂದಳು. ಅವಳ ಹತ್ತಿರ ಬೇರೆ ಪ್ರತಿ ಇರಲಿಲ್ಲ. ನಾನು ಮನೆಯೆಲ್ಲ ಹುಡುಕಿದೆ. ಹುಡುಕುತ್ತಿದ್ದಾಗಲೇ ನೆನಪಾಯಿತು: ನನ್ನ ಕರಡನ್ನು ಬರೆದದ್ದೇ ಅವಳ ಹಾಳೆಗಳ ಬೆನ್ನಿಗೆ. ಅವು ಹಳೆಯ ಉತ್ತರಪತ್ರಿಕೆಗಳ ಜೊತೆ ರದ್ದಿಗೆ ಹೋಗಿ ಯಾವ ಅಂಗಡಿಯಲ್ಲಿ ಯಾವ ಪೊಟ್ಟಣವಾದವೋ. ಹೋಗಲಿ, ಮತ್ತೆ ಬರಿ ಎಂದೆ. ಒಂದು ವಾರ ಕೂತು ನೋಡಿದಳು. ಬರಿಗೈಯಲ್ಲಿ ಬಂದು, "ಬರೀಲಿಕ್ಕೆ ಕೂತ್ರೆ ನಿಮ್ಮ ಮಾತೇ ಬರ್ತವೆ ಸಾರ್, ನಂದು ಬರಲ್ಲ" ಎಂದಳು. ಅರ್ಜಿಯ ಕಡೇ ದಿನ ದಾಟಿತು. ಅವಳು ಬಿ.ಎಡ್. ಮಾಡಿ ತುರುವೇಕೆರೆಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋದಳು. ಅಲ್ಲೇ ಪೋಸ್ಟಾಫೀಸಿನಲ್ಲಿ ಕೆಲಸ ಮಾಡುವವರೊಬ್ಬರನ್ನು ಮದುವೆಯಾದಳು. ಮದುವೆಗೆ ನಾನೂ ಹೋಗಿದ್ದೆ, ಒಂದು ಡಿಕ್ಷನರಿ ಉಡುಗೊರೆ ಕೊಟ್ಟೆ. ನನ್ನ ಬುದ್ಧಿ ನೋಡಿ.

ಇನ್ನು ನನ್ನ ಹೆಸರಿನ ಮುಂದಿನ ಅಕ್ಷರದ ವಿಷಯ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಾಲೇಜು ಮೇಷ್ಟ್ರುಗಳಿಗೆ ಸಂಬಳದ ಜೊತೆ ರಜೆ ಕೊಟ್ಟು ಪಿಎಚ್.ಡಿ. ಮಾಡಿಸುವ ಅವಕಾಶ ಬಂತು. ನಾನೂ ಅರ್ಜಿ ಹಾಕಿದೆ. ಅದಕ್ಕೂ ಅಂಥದೇ ಒಂದು ಬರಹ ಬೇಕಿತ್ತು. ಕಾಗದ ಮುಂದಿಟ್ಟುಕೊಂಡು ಕೂತೆ. ಯಾವುದರ ಮೇಲೆ, ಯಾಕೆ? ನನಗೆ ತಿಳಿದುಕೊಳ್ಳಲೇಬೇಕು ಎನ್ನಿಸುವಂಥದ್ದು ಒಂದಾದರೂ ಇದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಎರಡು ದಿನ ಕೂತರೂ ಏನೂ ಸಿಗಲಿಲ್ಲ. ಓದಿದ್ದೆಲ್ಲ ಇತ್ತು, ಪ್ರಶ್ನೆ ಇರಲಿಲ್ಲ. ಹಾಲ್ಕುರಿಕೆಯ ಹುಡುಗಿಯೊಬ್ಬಳಿಗೆ ಹತ್ತು ವರ್ಷದವಳಿದ್ದಾಗಲೇ ಇದ್ದದ್ದು ನನಗೆ ನಲವತ್ತರ ಹತ್ತಿರವೂ ಇರಲಿಲ್ಲ. ಕೊನೆಗೆ ಏನು ಮಾಡಿದೆನೆಂದರೆ, ಮಾನವನನ್ನು ಮತ್ತೆ ಅನಾದಿ ಕಾಲದಿಂದ ಎಬ್ಬಿಸಿ ಕರೆದುಕೊಂಡು ಬಂದೆ.

ನನಗೆ ಸೀಟು ಸಿಕ್ಕಿತು. ನಮ್ಮ ಕಡೆಯ ಆಯ್ಕೆ ಮಂಡಳಿಯವರಿಗೆ ಆ ಭಾಷೆ ಬಹಳ ಹಿಡಿಸಿತಂತೆ. ನಾಲ್ಕು ವರ್ಷ ಕೂತು ದಪ್ಪನೆಯದೊಂದು ಗ್ರಂಥ ಬರೆದೆ. ಅದನ್ನು ನಾನೂ ಪರೀಕ್ಷಕರೂ ಓದಿದ್ದೇವೆ. ಪರೀಕ್ಷಕರ ವಿಷಯ ಖಚಿತವಾಗಿ ಹೇಳಲಾರೆ.

ಡಾಕ್ಟರ್ ಆದ ವರ್ಷವೇ ನೆಂಟರ ಮದುವೆಗೆಂದು ತುರುವೇಕೆರೆಗೆ ಹೋಗಿದ್ದೆ. ಊಟವಾದ ಮೇಲೆ ವಿಳಾಸ ಕೇಳಿಕೊಂಡು ಗಿರಿಜಳ ಮನೆಗೆ ಹೋದೆ. ಕಾಫಿ ಕೊಟ್ಟಳು. ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತೆಂದಳು. ನಾನು ಮನಸ್ಸಿನಲ್ಲಿ ಹಲವು ಸಲ ಹೇಳಿ ಅಭ್ಯಾಸ ಮಾಡಿಕೊಂಡಿದ್ದನ್ನು ಹೇಳಿದೆ: ನಿನ್ನ ಬರಹವನ್ನು ಹಾಳು ಮಾಡಿದವನು ನಾನು. ಅದು ಕೆಟ್ಟದ್ದೆಂದು ಅಲ್ಲ, ನನಗೆ ನಾಚಿಕೆಯಾಯಿತೆಂದು. ಅದು ಇದ್ದ ಹಾಗೇ ಹೋಗಿದ್ದರೆ ಅವರು ನಿನ್ನನ್ನು ಬಿಡುತ್ತಿರಲಿಲ್ಲ.

ಗಿರಿಜ ನನ್ನ ಖಾಲಿ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ, ಎಷ್ಟು ವರ್ಷದ ಮಾತು, ಬುಡಿ ಸಾರ್ ಎಂದಳು. ಎದ್ದು ಒಳಗೆ ಹೋಗಿ ಒಂದು ಕಾಗದ ತಂದಳು. ಹೇಗೂ ಬಂದಿದ್ದೀರಿ, ಇದೊಂದು ನೋಡಿಕೊಡಿ, ನಾಲ್ಕನೇ ಸಲ ಬರೆದಿದ್ದೇನೆ, ಯಾಕೋ ಸಮಾಧಾನವಿಲ್ಲ ಎಂದಳು.

ಶಾಲೆಯ ಲ್ಯಾಬಿಗೆ ಸಾಮಾನು ಬೇಕೆಂದು ಇಲಾಖೆಗೆ ಬರೆದ ಅರ್ಜಿ, ಇಂಗ್ಲಿಷಿನಲ್ಲಿ. ಓದಿದೆ. ರಾಷ್ಟ್ರದ ಭವಿಷ್ಯದಿಂದ ಶುರುವಾಗಿತ್ತು. ಎರಡನೇ ಪ್ಯಾರಾದಲ್ಲಿ ಯುವಜನರ ಹೃದಯಾಂತರಾಳದ ಜ್ಞಾನತೃಷೆ. ವ್ಯಾಕರಣ ಒಂದೂ ತಪ್ಪಿರಲಿಲ್ಲ. ಪುಟ ಮುಗಿಯುವವರೆಗೆ ಹುಡುಕಿದರೂ ಅವಳಿಗೆ ಏನು ಬೇಕೆಂದು ತಿಳಿಯಲಿಲ್ಲ. ಕೈಬರಹ ಮಾತ್ರ ಅವಳದು, ಮಿಕ್ಕ ಎಲ್ಲ ನನ್ನದೇ.

ನಿನಗೆ ಬೇಕಾದ್ದೇನು, ಬಾಯಲ್ಲಿ ಹೇಳು ಎಂದೆ.

"ನಲವತ್ತು ಮಕ್ಕಳಿಗೆ ಎರಡೇ ಪ್ರನಾಳ ಇರೋದು ಸಾರ್. ಇಬ್ರು ಮಾಡ್ತಾರೆ, ಮಿಕ್ಕೋರು ನಿಂತ್ಕಂಡು ನೋಡ್ತಾರೆ. ನೋಡಿದ್ರೆ ಬರಲ್ಲ ಅದು, ಕೈಯಲ್ಲಿ ಮಾಡ್ಬೇಕು."

"ಅಷ್ಟನ್ನೇ ಬರಿ ಗಿರಿಜ. ಈಗ ಹೇಳಿದ್ದನ್ನೇ ಬರಿ."

ಅವಳು ನನ್ನ ಮುಖ ನೋಡಿದಳು. ನಾನು ಏನೋ ತಮಾಷೆ ಮಾಡುತ್ತಿದ್ದೇನೆಂದು ಅನುಮಾನಪಟ್ಟವಳ ಹಾಗೆ.

"ಹಂಗೆ ಬರೆದ್ರೆ ಚೆನ್ನಾಗಿರುತ್ತಾ ಸಾರ್?"

ಚೆನ್ನಾಗಿರುತ್ತದೆ ಎಂದೆ. ಅದಕ್ಕಿಂತ ಚೆನ್ನಾಗಿ ನನಗೂ ಬರೆಯಲು ಬರುವುದಿಲ್ಲ ಎಂದೆ. ಅವಳು ನಂಬಲಿಲ್ಲ. ನೋಡ್ತೀನಿ ಎಂದು ಆ ಕಾಗದವನ್ನು ಮಡಿಸದೆ, ಸುಕ್ಕಾಗದ ಹಾಗೆ, ಜೋಪಾನವಾಗಿ ಒಂದು ಪುಸ್ತಕದೊಳಗೆ ಇಟ್ಟಳು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಅವಳು ಕೊನೆಗೆ ಯಾವುದನ್ನು ಕಳಿಸಿದಳೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ.